ಮೊಸರು ಪುಲ್ಲಿಂಗ, ಮೀಸೆ ಸ್ತ್ರೀಲಿಂಗ

ಇಡೀ ಉಡುಪಿ ಜಿಲ್ಲೆಯಲ್ಲಿ ಅಪ್ಪಟ ಶುದ್ಧ ಹಿಂದಿ ಮಾತನಾಡುವವರು ಒಬ್ಬರೇ ಇದ್ದಾರೆ. ಅದು ಎಷ್ಟು ಶುದ್ಧವೆಂದರೆ ಹಿಂದಿಯವರಿಗೇ ಯಾರಿಗೂ ಅರ್ಥವಾಗುವುದಿಲ್ಲ!

ಅವರು ನನಗೆ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದ ಟೀಚರ್. ಎಲ್ಲೂರು ಎಂಬ ಹಳ್ಳಿಯವರು, ಮನೆಮಾತು ತುಳು. ಉತ್ತರ ದಿಕ್ಕಿಗೆ ಅವರು ಜೀವಮಾನದಲ್ಲಿ ಮಾಡಿದ ಅತಿ ದೂರದ ಪ್ರಯಾಣವೆಂದರೆ ಗೋಕರ್ಣ. ಅಲ್ಲಿಯೂ ಹೊಟ್ಟೆ ಕೆಟ್ಟು ಮರುದಿನವೇ ವಾಪಸ್ಸಾದರು. ಇಷ್ಟೇ ಬಂಡವಾಳ ಇಟ್ಟುಕೊಂಡು ಅವರು ದಿಲ್ಲಿಯ ಹುಡುಗರ ಹಿಂದಿ ತಿದ್ದುತ್ತಾರೆ. ಎಲ್ಲಿ ತಿದ್ದುತ್ತಾರೆ? ಮಣಿಪಾಲದಲ್ಲಿರುವ ನನ್ನ ಮೆಸ್ಸಿನಲ್ಲಿ. ಯಾವಾಗ? ಮಧ್ಯಾಹ್ನದ ಊಟದ ಹೊತ್ತಿಗೆ, ಖಾಲಿ ಕುರ್ಚಿಗಾಗಿ ಬಾಗಿಲಲ್ಲಿ ಜನ ಕಾದು ನಿಂತಿರುವಾಗ.

ನೆಚ್ಚಿನ ಶಿಕ್ಷಕರನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಟೀಚರು ನನಗೆ ಆ ಅವಕಾಶವನ್ನೇ ಕೊಟ್ಟಿಲ್ಲ. ನೆನಪಾಗಬೇಕಾದರೆ ಮೊದಲು ಸ್ವಲ್ಪ ಕಾಲ ಕಣ್ಣಿಗೆ ಬೀಳದೆ ಇರಬೇಕಲ್ಲ?

ಅವರ ಪಾಠ ಹೇಗಿತ್ತೆಂದು ಮೊದಲು ಹೇಳುತ್ತೇನೆ. ಹಿಂದಿಯಲ್ಲಿ ಮೇಜು ಯಾಕೆ ಹೆಣ್ಣು, ಫ್ಯಾನು ಯಾಕೆ ಗಂಡು ಎಂಬುದು ನಮಗೆ ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಟೀಚರ್ ಒಂದು ದಿನ ಬುಟ್ಟಿಯಲ್ಲಿ ಮಲ್ಲಿಗೆ ಹೂ ತಂದರು. ಸ್ತ್ರೀಲಿಂಗವಾದದ್ದಕ್ಕೆಲ್ಲ ಒಂದೊಂದು ತುಂಡು ಮಲ್ಲಿಗೆ ಮುಡಿಸಬೇಕು ಎಂದರು. ನಾವು ಮೇಜಿಗೆ ಮುಡಿಸಿದೆವು, ಕುರ್ಚಿಗೆ ಮುಡಿಸಿದೆವು, ಕಿಟಕಿಗೆ, ಗಡಿಯಾರಕ್ಕೆ, ಪೆನ್ಸಿಲಿಗೆ ಮುಡಿಸಿದೆವು. ಹೊರಗೆ ಹೋಗಿ ಹೆಡ್‌ಮಾಸ್ಟ್ರ ಸೈಕಲ್ಲಿಗೂ ಮುಡಿಸಿದೆವು. ತರಗತಿಯ ಪಾಡು ಮದುವೆ ಚಪ್ಪರದಂತಾಯಿತು. ಏನು ಗದ್ದಲವೆಂದು ನೋಡಲು ಹೆಡ್‌ಮಾಸ್ಟ್ರು ಬಂದು ಬಾಗಿಲಲ್ಲಿ ನಿಂತರು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ತುಂಬ ವಿನಯದಿಂದ ಕೇಳಿದ.

"ಟೀಚರ್, ಮೀಸೆ ಕೂಡ ಸ್ತ್ರೀಲಿಂಗ ಅಲ್ವಾ?"

ಟೀಚರ್ ಒಂದು ಕ್ಷಣ ಹೆಡ್‌ಮಾಸ್ಟ್ರ ಭರ್ಜರಿ ಮೀಸೆಯನ್ನು ನೋಡಿದರು. ಸುಳ್ಳು ಹೇಳುವುದು ಅವರಿಂದ ಆಗುವುದಿಲ್ಲ. "ಹೌದು, ಸ್ತ್ರೀಲಿಂಗ" ಎಂದರು. ಮಲ್ಲಿಗೆಯ ಪಾಠ ಅಂದಿಗೇ ಮುಗಿಯಿತು.

ಆಮೇಲೆ ನಾನು ಹಿಂದಿಯನ್ನು ಹೇಗೋ ದಾಟಿ, ಮದುವೆಯಾಗಿ ಕಾಪುವಿಗೆ ಬಂದು, ಗಂಡನ ಜೊತೆ ಸೇರಿ ಮಣಿಪಾಲದಲ್ಲಿ ಮೆಸ್ ತೆರೆದೆ. ಟೀಚರ್ ನಿವೃತ್ತರಾದರು. ಅಲ್ಲಿಗೆ ಲೆಕ್ಕ ಸಮ ಆಗಬೇಕಿತ್ತು. ಆದರೆ ಅವರಿಗೆ ಮಂಡಿನೋವು ಶುರುವಾಯಿತು. ಚಿಕಿತ್ಸೆಗೆಂದು ಬುಧವಾರ ಬುಧವಾರ ಮಣಿಪಾಲಕ್ಕೆ ಬರತೊಡಗಿದರು. ಒಂದು ಬುಧವಾರ ಹಸಿವಾಗಿ, ಸಿಕ್ಕಿದ ಮೆಸ್ಸಿಗೆ ನುಗ್ಗಿದರು. ಅದು ನನ್ನದಾಗಿತ್ತು. ಸಾರಿನ ಸೌಟು ಹಿಡಿದುಕೊಂಡೇ ನಾನು ನೆಟ್ಟಗೆ ನಿಂತು "ನಮಸ್ತೇ ಟೀಚರ್" ಎಂದು ರಾಗ ಎಳೆದೆ. ಎಷ್ಟು ವಯಸ್ಸಾದರೂ ಈ ರೋಗ ಹೋಗುವುದಿಲ್ಲ.

ಆದರೆ ಅಂದು ಟೀಚರ್ ನನ್ನ ಕಡೆ ನೋಡಲೇ ಇಲ್ಲ. ಅವರ ಕಿವಿ ಪಕ್ಕದ ಮೇಜಿನ ಮೇಲಿತ್ತು. ಅಲ್ಲಿ ಉತ್ತರದ ಹುಡುಗರು ಹಿಂದಿಯಲ್ಲಿ ಹರಟುತ್ತಿದ್ದರು. ಜೀವಮಾನವಿಡೀ ಪುಸ್ತಕದಲ್ಲಿ ಕಂಡ ಭಾಷೆ ಎದುರಿಗೇ ಕುಳಿತು ಅನ್ನಕ್ಕೆ ಸಾರು ಕಲಸುತ್ತಿದೆ! ಟೀಚರ ಮುಖ ಅರಳಿತು. ಅಷ್ಟರಲ್ಲಿ ದಿಲ್ಲಿಯ ಹುಡುಗನೊಬ್ಬ ನನ್ನತ್ತ ತಿರುಗಿ, ಮೊಸರು ಹುಳಿಯಾಗಿದೆ ಎನ್ನಲು "ಆಂಟಿ, ದಹೀ ಖಟ್ಟೀ ಹೈ" ಎಂದ.

ಅರಳಿದ ಮುಖ ಮುದುಡಿತು. ಟೀಚರ್ ಎದ್ದು ಹೋಗಿ ಅವನ ಮುಂದಿನಿಂದ ಮೊಸರಿನ ಬಟ್ಟಲನ್ನು ಎತ್ತಿಕೊಂಡರು.

"ಖಟ್ಟೀ ಅಲ್ಲ, ಖಟ್ಟಾ. ದಹೀ ಪುಲ್ಲಿಂಗ. ಸರಿಯಾಗಿ ಹೇಳು, ಕೊಡುತ್ತೇನೆ" ಎಂದು ಹಿಂದಿಯಲ್ಲೇ ಹೇಳಿದರು.

ತನ್ನ ಮನೆಯಲ್ಲಿ ಎಲ್ಲರೂ ಖಟ್ಟೀ ಎಂದೇ ಹೇಳುವುದು ಎಂದ ಹುಡುಗ. ಹಾಗಾದರೆ ನಿನ್ನ ಮನೆಯವರೆಲ್ಲ ತಪ್ಪು ಎಂದರು ಟೀಚರ್. ಹುಡುಗ ಇವರು ಯಾರೆಂದು ನನ್ನನ್ನು ಕೇಳಿದ. ನನ್ನ ಟೀಚರ್ ಎಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿದ್ದ ಕನಿಕರವನ್ನು ನಾನು ಇವತ್ತಿಗೂ ಮರೆತಿಲ್ಲ. ಕೊನೆಗೆ ಪಾಪ, "ಖಟ್ಟಾ" ಎಂದು ಹೇಳಿಯೇ ಮೊಸರು ಉಂಡ.

ಅಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಆ ಹುಡುಗ ರಜೆಗೆ ಊರಿಗೆ ಹೋದವನು ತನ್ನ ಅಜ್ಜಿಯನ್ನು ಕೇಳಿದನಂತೆ. ಅಜ್ಜಿ ಹಿಂದಿಯಲ್ಲೇ ಎಂ.ಎ. ಮಾಡಿದವರಂತೆ. ನಿನ್ನ ಮಣಿಪಾಲದ ಮೇಡಂ ಹೇಳಿದ್ದೇ ಸರಿ ಎಂದರಂತೆ. ಅದನ್ನು ಅವನು ಬಂದು ಟೀಚರ ಮುಂದೆಯೇ ಹೇಳಬೇಕೆ? ಅಂದಿನಿಂದ ಟೀಚರಿಗೆ ಕೊಂಬು ಬಂತು. ಮಂಡಿ ನೋವು ವಾಸಿಯಾದರೂ ಬುಧವಾರ ತಪ್ಪಲಿಲ್ಲ. ಲಕ್ನೋದ ಹುಡುಗಿಯರ ಗುಂಪೊಂದು ದಿನವೂ ನನ್ನಲ್ಲಿ ಉಣ್ಣುತ್ತಿತ್ತು. ಅವರಲ್ಲೊಬ್ಬಳು ನನಗೆ ಎಂಬುದಕ್ಕೆ "ಮುಝೇ" ಎನ್ನುವ ಬದಲು "ಮೇರೇ ಕೋ" ಎಂದಳು. ಟೀಚರ್ ಅವಳಿಂದ ಅದನ್ನು ಸರಿಯಾಗಿ ಹೇಳಿಸುವ ಹೊತ್ತಿಗೆ ಚಪಾತಿ ರಟ್ಟಾಗಿತ್ತು. ಮರುದಿನದಿಂದ ಆ ಗುಂಪು ಎದುರಿನ ಮೆಸ್ಸಿಗೆ ಹೋಗತೊಡಗಿತು. ಅಲ್ಲಿ ವ್ಯಾಕರಣವಿಲ್ಲದೆ ಊಟ ಸಿಗುತ್ತದೆ.

ಇಷ್ಟು ಸಾಲದೆಂಬಂತೆ ಕಾಪುವಿನಲ್ಲಿ ನಮ್ಮ ಮನೆಗೆ ಟೈಲ್ಸ್ ಹಾಕಿಸುವ ಕೆಲಸ ಬಂತು. ಕೆಲಸದವರು ಬಿಹಾರದವರು. ಸಂಜಯ್ ಎಂಬ ಹುಡುಗ ಮುಖ್ಯಸ್ಥ, ಜೊತೆಗೆ ಅವನ ಊರಿನವನೇ ಆದ ಇನ್ನೊಬ್ಬ. ನನ್ನ ಹಿಂದಿ ಅವರಿಗೆ ಗೊತ್ತಾಗುತ್ತಿರಲಿಲ್ಲ, ಅವರದ್ದು ನನಗೆ. ಎಲ್ಲಿಗೆ ಯಾವ ಟೈಲ್ಸ್ ಎಂದು ವಿವರಿಸಲು ನಾನು ಟೀಚರನ್ನು ಕರೆದೆ. ಹೌದು, ನಾನೇ ಕರೆದೆ. ಯಾರನ್ನು ದೂರಲಿ?

ಟೀಚರ್ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು, ಮರಳಿನ ರಾಶಿಯ ಪಕ್ಕ ನಿಂತು ಭಾಷಣ ಮಾಡಿದರು. ಸ್ನಾನಗೃಹ, ಪೂಜಾಗೃಹ, ಭೋಜನಗೃಹ, ಶಯನಗೃಹ ಎಂದು ಒಂದೊಂದೇ ಹೆಸರಿಸಿ ಯಾವುದಕ್ಕೆ ಯಾವ ಬಣ್ಣ ಎಂದು ತಿಳಿಸಿದರು. ಆ ಇಬ್ಬರೂ ಪ್ರವಚನಕ್ಕೆ ಕುಳಿತವರಂತೆ ಕೈಮುಗಿದು ಕೇಳಿದರು. ಪ್ರತಿ ವಾಕ್ಯಕ್ಕೂ "ಜೀ ಮಾತಾಜೀ" ಎಂದರು. ಬೇಸಾಯಗಾರರ ಮಕ್ಕಳಾದ ತಮಗೆ ಇಲ್ಲಿಯವರೆಲ್ಲ "ತುಮ್" ಎನ್ನುತ್ತಾರೆ, ಈ ಮಾತಾಜಿ ಮಾತ್ರ "ಆಪ್" ಎನ್ನುತ್ತಾರೆ ಎಂದು ಸಂಜಯ್ ಆಮೇಲೆ ನನ್ನ ಗಂಡನಿಗೆ ಹೇಗೋ ತಿಳಿಯುವಂತೆ ಹೇಳಿದನಂತೆ. ಮರ್ಯಾದೆಯೇನೋ ಪೂರ್ತಿ ಮುಟ್ಟಿತು. ವಿಷಯ ಮಾತ್ರ ಮುಟ್ಟಲಿಲ್ಲ. ಅವರ ಕಿವಿಗೆ ಬಿದ್ದದ್ದು ಬರೀ ಗೃಹ, ಗೃಹ.

ಸಂಜೆ ಮನೆಗೆ ಬಂದು ನೋಡಿದರೆ ಬಚ್ಚಲಿಗೆಂದು ತಂದಿದ್ದ ಮೀನಿನ ಚಿತ್ರದ ನೀಲಿ ಟೈಲ್ಸು ದೇವರ ಕೋಣೆಯ ಗೋಡೆಯಲ್ಲಿ ಭದ್ರವಾಗಿ ಕೂತಿತ್ತು. ಕಿತ್ತರೆ ಗೋಡೆಯೇ ಬರುತ್ತದೆ ಎಂದು ಸಂಜಯ್ ಕೈಸನ್ನೆ ಮಾಡಿ ತೋರಿಸಿದ. ನಾನು ಟೀಚರಿಗೆ ಫೋನ್ ಮಾಡಿದೆ, ಅಳುವುದೊಂದು ಬಾಕಿ.

"ಎಂತ ಮಾರಾಯ್ತಿ, ಅಷ್ಟಕ್ಕೆಲ್ಲ ಬೇಜಾರು ಮಾಡುವುದಾ? ಮತ್ಸ್ಯಾವತಾರ ಅಂತ ತಿಳಿದುಕೋ" ಎಂದರು.

ಹಬ್ಬಕ್ಕೆ ಕಾರ್ಕಳದಿಂದ ಬಂದ ನನ್ನ ನಾದಿನಿ ಆ ಕೋಣೆಯ ಬಾಗಿಲಲ್ಲಿ ನಿಂತು, ಇದು ಪೂಜೆ ಮಾಡುವ ಜಾಗವೋ ಮೀನು ಮಾರ್ಕೆಟ್ಟೋ ಎಂದು ಕೇಳಿದಳು. ನಾನು ಮತ್ಸ್ಯಾವತಾರ ಎಂದೆ. ಅವಳು ನಂಬಲಿಲ್ಲ. ಬಂಗುಡೆ ಮೀನನ್ನು ಕಂಡು ಗುರುತು ಹಿಡಿಯದಷ್ಟು ದಡ್ಡಿಯೇನಲ್ಲ ಅವಳು.

ನನ್ನ ಗಂಡನ ತಾಳ್ಮೆ ಅಲ್ಲಿಗೆ ಮುಗಿಯಿತು. ಟೀಚರನ್ನು ಗೌರವಿಸಬೇಕು ಸರಿ, ಆದರೆ ಮೆಸ್ಸನ್ನೂ ನಡೆಸಬೇಕಲ್ಲ ಎಂದರು. ಬುಧವಾರ ಬಂತೆಂದರೆ ಹುಡುಗರು ಬಾಗಿಲಲ್ಲಿ ಇಣುಕಿ, ಟೀಚರ್ ಇದ್ದಾರೆಂದು ಕಂಡೊಡನೆ ತಿರುಗಿ ಹೋಗುವುದನ್ನು ನಾನೂ ನೋಡಿದ್ದೆ. "ನೀನು ಹೇಳ್ತೀಯೋ, ನಾನು ಹೇಳ್ಬೇಕೋ?" ಎಂದು ಕೇಳಿದರು. ಅವರು ಹೇಳಿದರೆ ಕೆಟ್ಟದಾಗಿ ಹೇಳುತ್ತಾರೆ. ನಾನೇ ಹೇಳುತ್ತೇನೆ ಎಂದೆ. ತೆಂಗಿನಕಾಯಿ ತುರಿಯುವಾಗ, ಸೊಪ್ಪು ಬಿಡಿಸುವಾಗ ಅದನ್ನೇ ಅಭ್ಯಾಸ ಮಾಡಿದೆ. ಟೀಚರ್, ನಿಮಗೆ ಬಸ್ಸಿನಲ್ಲಿ ಅಷ್ಟು ದೂರದಿಂದ ಬರುವುದು ಕಷ್ಟ. ಟೀಚರ್, ಈ ಹುಡುಗರು ಕಲಿಯುವ ಜಾತಿಯವರಲ್ಲ. ಟೀಚರ್, ನಾನೇ ತಿಂಗಳಿಗೊಮ್ಮೆ ಎಲ್ಲೂರಿಗೆ ಬಂದು ನಿಮ್ಮನ್ನು ನೋಡುತ್ತೇನೆ.

ಬುಧವಾರ ಟೀಚರ್ ಬಂದರು. ಉಂಡರು. ಕೈ ತೊಳೆದು ಬಂದು ಕುಳಿತರು. ನಾನು ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ನಿಂತೆ.

"ಟೀಚರ್, ಒಂದು ಮಾತು ಹೇಳಲಿಕ್ಕುಂಟು."

"ಹಿಂದೀ ಮೇಂ ಬೋಲೋ" ಎಂದರು ಟೀಚರ್.

ಇನ್ನು ಮುಂದೆ ಇಲ್ಲಿಗೆ ಬರಬೇಡಿ ಎಂದು ಗುರುಗಳಿಗೆ ನೋವಾಗದಂತೆ, ಲಿಂಗ ತಪ್ಪದೆ, ಹಿಂದಿಯಲ್ಲಿ ಹೇಳುವುದು ಹೇಗೆ? ಮೆಸ್ ಪುಲ್ಲಿಂಗವೋ ಸ್ತ್ರೀಲಿಂಗವೋ? ನಾನು ಬಾಯಿ ತೆರೆದುಕೊಂಡು ನಿಂತಿರುವಾಗಲೇ ಸಂಜಯನ ಜೊತೆಗಾರ ಓಡಿ ಬಂದ. ಮೈಯೆಲ್ಲ ಸಿಮೆಂಟು, ಕಣ್ಣೆಲ್ಲ ನೀರು. ನೇರ ಟೀಚರ ಕಾಲ ಬಳಿ ಕುಸಿದು ಕುಳಿತ.

ಅವನು ಅಳುತ್ತ ಹೇಳಿದ್ದನ್ನು ಜೋಡಿಸಿಕೊಂಡಾಗ ವಿಷಯ ಇಷ್ಟು. ಮಣಿಪಾಲದಲ್ಲೇ ಒಂದು ಕಟ್ಟಡದ ಕೆಲಸದಲ್ಲಿ ಸಂಜಯ್ ಮೇಲಿನಿಂದ ಬಿದ್ದಿದ್ದ. ಎರಡೂ ಕಾಲಿನ ಮೂಳೆ ಮುರಿದಿತ್ತು. ಒಳಗೆ ಕರೆದುಕೊಂಡು ಹೋಗುವವರೆಗೂ ಮಾತನಾಡುತ್ತಿದ್ದ, ಈಗ ಆಪರೇಷನ್ ನಡೆಯುತ್ತಿದೆ. ಅಷ್ಟರಲ್ಲಿ ಊರಿನಲ್ಲಿ ಅವನ ತಾಯಿಗೆ ಯಾರ ಮೂಲಕವೋ ಸುದ್ದಿ ಹೋಗಿದೆ. ಮಗನಿಗೆ ಫೋನ್ ಕೊಡಿ ಎಂದು ಆಕೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದಾಳೆ. ಕೊಡುವುದು ಹೇಗೆ? ಇವನಿಗೋ ಮಾತಿಗಿಂತ ಮುಂಚೆ ಅಳು ಬರುತ್ತದೆ. ಇವನ ಅಳು ಕೇಳಿ ಮಗ ಹೋಗಿಯೇಬಿಟ್ಟ, ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಾಳೆ. ಯಾರಾದರೂ ಹಿರಿಯರು ಹೇಳಿದರೆ ನಂಬಿಯಾಳು. ಈ ಊರಿನಲ್ಲಿ ಅವನಿಗೆ ಗೊತ್ತಿರುವ ಹಿರಿಯರೆಂದರೆ ಮಾತಾಜಿ ಒಬ್ಬರೇ. ಬುಧವಾರ ಅವರು ನನ್ನ ಮೆಸ್ಸಿನಲ್ಲಿರುತ್ತಾರೆಂದು ಟೈಲ್ಸ್ ಹಾಕುವಾಗಲೇ ತಿಳಿದುಕೊಂಡಿದ್ದ.

ಅವನು ಹೇಳಿ ಮುಗಿಸುವ ಮೊದಲೇ ಫೋನ್ ಬಡಿದುಕೊಂಡಿತು. ಟೀಚರ್ ತೆಗೆದುಕೊಂಡರು. ಆಚೆಯ ಅಳು ನನಗೂ ಕೇಳುತ್ತಿತ್ತು. ಟೀಚರ್ ಬೆನ್ನು ನೇರ ಮಾಡಿ ಶುರು ಮಾಡಿದರು. "ಆದರಣೀಯ ಮಾತಾಜೀ, ಆಪ್ ಚಿಂತಿತ್ ನ ಹೋಂ. ಆಪ್ ಕೇ ಸುಪುತ್ರ ಕೀ ಶಲ್ಯಚಿಕಿತ್ಸಾ..."

ಆಪರೇಷನ್ ಎನ್ನಲು ಬಳಸಿದ ಆ ದೊಡ್ಡ ಶಬ್ದ ಕೇಳಿದ್ದೇ ತಡ, ಆಚೆ ಕಡೆ ಕಿರುಚಾಟ ಎದ್ದಿತು. ಆಕೆ ತನ್ನ ಹಳ್ಳಿಯ ಭಾಷೆಯಲ್ಲಿ ಏನೋ ಒದರುತ್ತಿದ್ದಳು. ಅದು ಟೀಚರಿಗೆ ಗೊತ್ತಾಗುತ್ತಿಲ್ಲ, ಟೀಚರದ್ದು ಅವಳಿಗೆ ಗೊತ್ತಾಗುತ್ತಿಲ್ಲ. ಟೀಚರ್ ಇನ್ನೊಂದು ವಾಕ್ಯ ಶುರು ಮಾಡಿದರು, ಅರ್ಧಕ್ಕೆ ನಿಲ್ಲಿಸಿದರು. ಮತ್ತೊಂದು ಶುರು ಮಾಡಿದರು, ಅದೂ ನಿಂತಿತು. ಅವರು ಶಬ್ದ ಸಿಗದೆ ತಡವರಿಸಿದ್ದನ್ನು ನಾನು ಅದುವರೆಗೆ ನೋಡಿದವಳಲ್ಲ.

ಆಮೇಲೆ ಅವರು ಕಣ್ಣು ಮುಚ್ಚಿಕೊಂಡು ಮೆಲ್ಲನೆ ಹೇಳಿದರು.

"ಅಕ್ಕಾ, ಪೋಡ್ಯೊಡ್ಚಿ. ಯಾನ್ ಉಲ್ಲೆ."

ತುಳು! ಅಕ್ಕಾ, ಹೆದರಬೇಡಿ, ನಾನಿದ್ದೇನೆ. ಬಿಹಾರದ ಯಾವುದೋ ಹಳ್ಳಿಯ ಹೆಂಗಸಿಗೆ ನಮ್ಮ ಎಲ್ಲೂರಿನ ತುಳು. ನಮ್ಮ ಮನೆಯ ಅಜ್ಜಿಯಂದಿರು ಜ್ವರ ಬಂದ ಮಗುವಿನ ತಲೆ ಸವರುತ್ತ ಹೇಳುವ ದನಿಯಲ್ಲಿ ಅದನ್ನೇ ಮತ್ತೆ ಹೇಳಿದರು, ಮತ್ತೆ ಹೇಳಿದರು. ಆಚೆಯ ಕಿರುಚಾಟ ಬಿಕ್ಕಿಗೆ ಇಳಿಯಿತು. ಬಿಕ್ಕು ನಿಧಾನವಾಯಿತು. ಆಕೆ ಏನೋ ಕೇಳಿದಳು. ಟೀಚರ್ "ಹ್ಞೂಂ ಅಕ್ಕಾ, ಹ್ಞೂಂ" ಎಂದರು. ಸುಳ್ಳು ಹೇಳುವ ದನಿ ಅದಲ್ಲ ಎಂದು ಆಕೆಗೆ ಹೇಗೆ ತಿಳಿಯಿತೋ ನನಗೆ ಗೊತ್ತಿಲ್ಲ.

ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಫೋನ್ ಟೀಚರ ಕಿವಿಯಲ್ಲೇ ಇತ್ತು. ಆಪರೇಷನ್ ಕೋಣೆಯ ಹೊರಗಿನ ಕುರ್ಚಿಯಲ್ಲೂ ಹಾಗೆಯೇ ಕುಳಿತರು. ಆಕೆ ತನ್ನ ಭಾಷೆಯಲ್ಲಿ, ಇವರು ತುಳುವಿನಲ್ಲಿ. ನಡುನಡುವೆ ಇಬ್ಬರೂ ಸುಮ್ಮನಾಗುತ್ತಿದ್ದರು. ಆಗಲೂ ಯಾರೂ ಫೋನ್ ಇಡಲಿಲ್ಲ. ಕೊನೆಗೆ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಯಾಗಿ ಆಗಿದೆ, ನಡೆಯಲು ಸ್ವಲ್ಪ ಕಾಲ ಬೇಕು ಅಷ್ಟೆ ಎಂದು ಕನ್ನಡದಲ್ಲಿ ಹೇಳಿದರು. ಟೀಚರ್ ಅದನ್ನು ಫೋನಿಗೆ ತುಳುವಿನಲ್ಲಿ ಹೇಳಿದರು. ಆಚೆ ಕಡೆ ಮತ್ತೆ ಅಳು ಕೇಳಿಸಿತು. ಈ ಸಲದ್ದು ಬೇರೆ ಅಳು.

ಫೋನನ್ನು ಹುಡುಗನಿಗೆ ಕೊಟ್ಟು ಟೀಚರ್ ಕನ್ನಡಕ ಒರೆಸಿಕೊಂಡರು. ಅಷ್ಟು ಹೊತ್ತು ಆ ತಾಯಿ ಏನು ಹೇಳುತ್ತಿದ್ದಳು ಎಂದು ಕೇಳಿದೆ.

"ಯಾರಿಗೆ ಗೊತ್ತು ಮಗಾ. ಎಮ್ಮೆ ಕರು ಹಾಕಿದೆಯಂತೆ, ಅಷ್ಟು ಗೊತ್ತಾಯಿತು. ಅವನು ಬರಲಿ ಅಂತ ಗಿಣ್ಣು ಇಟ್ಟುಕೊಂಡು ಕಾಯ್ತಾ ಇದ್ದಳೋ ಏನೋ."

ಆಮೇಲೆ ಅವರು, ಎದ್ದ ಮೇಲೆ ಸಂಜಯನಿಗೆ ಹಸಿವಾಗುತ್ತದೆ, ನರ್ಸಿನ ಹತ್ತಿರ ಕೇಳಿಕೊಂಡು ಸ್ವಲ್ಪ ತೆಳ್ಳಗೆ ಗಂಜಿ ಮಾಡಿ ತಾ ಎಂದರು. ಅವನು ಕಣ್ಣು ಬಿಡುವಾಗ ಮನೆಯವರ ಹಾಗೆ ಯಾರಾದರೂ ಎದುರಿಗಿರಬೇಕು, ಹಾಗಾಗಿ ತಾನು ಇಲ್ಲೇ ಕುಳಿತಿರುತ್ತೇನೆ ಎಂದರು.

ಎಲ್ಲೂರಿನ ಕಡೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ ಟೀಚರ್ ಎಂದೆ.

"ತಪ್ಪಲಿ" ಎಂದರು.

ಅಭ್ಯಾಸ ಮಾಡಿಟ್ಟಿದ್ದ ಮಾತನ್ನು ಅಲ್ಲಿಗೇ ಬಿಟ್ಟು ನಾನು ಗಂಜಿಗೆ ಅಕ್ಕಿ ಹಾಕಲು ಎದ್ದೆ.