ಜಾಲರಿ ಹಾಕಿಸಿಕೊಂಡ ಸೋದರಮಾವ

ನಾನು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ‘ಎದೆ ಮುಂದೆ, ಹೊಟ್ಟೆ ಒಳಗೆ’ ಎಂದು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಕೂಗಿಕೊಂಡು ಬಂದವನು. ಅಂಥವನ ಹೊಟ್ಟೆಯೇ ಒಂದು ದಿನ ಮಾತು ಕೇಳದೆ, ಎಡ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಹೊರಗೆ ಬಂತು! ಕೆಮ್ಮಿದರೆ ಹಾಜರು, ಮಲಗಿದರೆ ಗೈರುಹಾಜರು. ಎರಡು ತಿಂಗಳು ಯಾರಿಗೂ ಹೇಳದೆ, ಪ್ಯಾಂಟಿನ ಜೇಬಿಗೆ ಕೈ ಹಾಕಿ ಅದುಮಿಕೊಂಡೇ ಓಡಾಡಿದೆ.

ಕಡೆಗೆ ಹೆಂಡತಿ ಜಯಮ್ಮ ಪತ್ತೆ ಹಚ್ಚಿ, ಮಂಡ್ಯದ ಡಾಕ್ಟರೊಬ್ಬರ ಮುಂದೆ ಕೂರಿಸಿದಳು. “ಹರ್ನಿಯಾ. ಮೆಶ್ ಹಾಕಬೇಕು, ಜಾಲರಿ ಥರ ಇರುತ್ತೆ,” ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಒಂದು ವಿಧಾನದಲ್ಲಿ ತೊಡೆಸಂದಿ ಕೊಯ್ದು, ಸಡಿಲವಾದ ಜಾಗದ ಮೇಲೆ ಜಾಲರಿ ಹಾಸಿ ಹೊಲಿಯುತ್ತಾರೆ. ಇನ್ನೊಂದರಲ್ಲಿ ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಜಾಲರಿಯನ್ನು ಒಳಗಿನಿಂದ ಸ್ನಾಯುವಿನ ಹಿಂದೆ ಕೂರಿಸುತ್ತಾರೆ.

ನನ್ನ ಚಿಂತೆಯೇ ಬೇರೆ. ಇನ್ನೊಂದು ತಿಂಗಳಿಗೆ ಮಳವಳ್ಳಿಯಲ್ಲಿ ಅಕ್ಕನ ಮಗಳು ರಮ್ಯಾಳ ಮದುವೆ. ನಮ್ಮಲ್ಲಿ ಮದುಮಗಳನ್ನು ಹಸೆಮಣೆಗೆ ಎತ್ತಿಕೊಂಡು ಹೋಗಬೇಕಾದವನು ಸೋದರಮಾವ. ಅಕ್ಕನಿಗೆ ಇರುವ ತಮ್ಮ ನಾನೊಬ್ಬನೇ. ಆಸ್ಪತ್ರೆಯಲ್ಲಿ ಆ ಮಗುವನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡವನೂ ನಾನೇ. ಈ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

“ಸಾರ್, ಐವತ್ತೆಂಟು ಕೆಜಿ ತಡೆಯೋ ಅಂಥ ಜಾಲರಿ ಸಿಕ್ತದಾ?”

ಡಾಕ್ಟರು ಕನ್ನಡಕ ತೆಗೆದರು. “ಜಾಲರಿ ಒಂದೇ ಭಾರ ತಡೆಯಲ್ಲ ಮೇಷ್ಟ್ರೇ. ಅದರ ಕಣ್ಣುಗಳೊಳಗೆ ನಿಮ್ಮ ಮಾಂಸ ಬೆಳೆದು ಹೆಣೆದುಕೊಳ್ಳಬೇಕು, ಬೇಲಿಗೆ ಬಳ್ಳಿ ಹಬ್ಬಿದ ಹಾಗೆ. ಆರು ವಾರ ಭಾರ ಎತ್ತಬೇಡಿ.”

“ಅಂಗಾದ್ರೆ ಒಸಿ ದಪ್ಪಂದು ಹಾಕ್ಬುಡಿ ಸಾರ್!”

“ಕೋಳಿಗೂಡಿಗೆ ಹಾಕುಸ್ತಾ ಇದ್ದೀರೇನ್ರೀ?” ಎಂದಳು ಜಯಮ್ಮ.

ಮೂರು ತೂತಿನದನ್ನೇ ಆರಿಸಿದೆ. ತೂತು ಚಿಕ್ಕದಾದ ಮೇಲೆ ಆರು ವಾರವೂ ಚಿಕ್ಕದಾಗಬೇಕಲ್ಲವೇ? ಇದು ಪಿ.ಟಿ. ಮೇಷ್ಟ್ರ ಗಣಿತ!

ಆಪರೇಷನ್ ಸುಸೂತ್ರವಾಯಿತು, ಮಾರನೆಯ ದಿನವೇ ನಡೆದಾಡಿದೆ. ಆದರೆ ಪಿ.ಟಿ. ಮೇಷ್ಟ್ರ ತೊಡೆಸಂದಿ ಸಡಿಲವಾಯಿತು ಎಂದು ಊರಿಗೆ ಹೇಳುವುದು ಹೇಗೆ? ‘ಅಪೆಂಡಿಕ್ಸ್’ ಎಂದು ಅಧಿಕೃತವಾಗಿ ಘೋಷಿಸಿದೆ. ಹನಕೆರೆಯ ನಮ್ಮ ಮನೆಗೆ ಅಕ್ಕ ಬ್ರೆಡ್ಡು, ಮೂಸಂಬಿ ಹಿಡಿದು ಬಂದಳು. ಬಂದವಳೇ ನನ್ನ ಕೈಯನ್ನೇ ನೋಡಿದಳು.

“ಅಪೆಂಡಿಕ್ಸು ಬಲಕ್ಕಿರ್ತದಲ್ವೇನ್ಲಾ? ನೀನ್ಯಾಕೆ ಎಡಕ್ಕೆ ಕೈ ಮಡಗಿದ್ದೀಯೆ?”

“ಡ್ರಿಲ್ ಮಾಡ್ಸಿ ಮಾಡ್ಸಿ ಎಡಕ್ಕೆ ತಿರುಕ್ಕೊಂಡಿತ್ತಂತೆ ಕಣಕ್ಕ.”

ಅಕ್ಕ ನಂಬಿಬಿಟ್ಟಳು! “ಅಂಗಾರೆ ಸರಿ ಬುಡು. ನನ್ನ ಮೈದುನ ಅಪೆಂಡಿಕ್ಸು ತೆಗಸ್ಕೊಂಡು ಎಂಟ್ನೇ ದಿನಕ್ಕೇ ಕಬ್ಬಿನ ಹೊರೆ ಹೊತ್ತ. ರಮ್ಯನ್ನ ನೀನೇ ಎತ್ಬೇಕು ಕಣ್ಲಾ.”

ಮಾನ ಉಳಿಸಿಕೊಳ್ಳಲು ಹೇಳಿದ ಸುಳ್ಳು, ತಪ್ಪಿಸಿಕೊಳ್ಳುವ ದಾರಿಯನ್ನೇ ಮುಚ್ಚಿತು.

ಮದುವೆಯ ದಿನಕ್ಕೆ ಆಪರೇಷನ್ ಆಗಿ ಮೂರೇ ವಾರ. “ಎತ್ತಲ್ಲ, ಬರೀ ಕೈ ಹಿಡ್ಕೊಂಡು ಓಯ್ತೀನಿ,” ಎಂದು ಜಯಮ್ಮನಿಗೆ ಭಾಷೆ ಕೊಟ್ಟಿದ್ದೆ. ಆದರೂ ಬೆಳಿಗ್ಗೆಯೇ ಛತ್ರಕ್ಕೆ ಹೋಗಿ, ಮದುಮಗಳ ಕೋಣೆಯಿಂದ ಮಂಟಪಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿದೆ. ಹದಿನೆಂಟು. ಅಷ್ಟು ಆಗದೇ?

ಮುಹೂರ್ತ ಬಂತು. ವಾಲಗ ಜೋರಾಯಿತು. ಗಂಡಿನ ಕಡೆಯ ಯಾರೋ ಕೂಗಿದರು: “ಎತ್ತಿ ಮಾವಯ್ಯ! ಬರೀ ಪೀಪಿ ಊದೋಕಷ್ಟೇಯಾ ಮೇಷ್ಟ್ರು?”

ರಕ್ತ ಕುದಿಯಿತು. ಕೊಟ್ಟ ಭಾಷೆ ಮರೆತುಹೋಯಿತು. ಬಗ್ಗಿ ರಮ್ಯಾಳ ಮೊಣಕಾಲ ಹಿಂದೆ ಕೈ ಹಾಕಿದ್ದೇ ತಡ, ವಾಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಛತ್ರವೆಲ್ಲ ಗಪ್‌ಚಿಪ್. ಆಗ ಕೇಳಿಸಿತು ಜಯಮ್ಮನ ಗಂಟಲು!

“ಬುಡ್ರೀ ಅವಳ್ನ! ತೊಡೆಸಂದಿಗೆ ಜಾಲರಿ ಹಾಕ್ಸವ್ರೆ ಕಣಕ್ಕ! ಕಿತ್ಕೊಂಡು ಬಂದ್ಬುಡ್ತದೆ!”

ನಾನೂರು ಜನರ ದೃಷ್ಟಿ ನನ್ನ ಪಂಚೆಯ ಒಂದೇ ಜಾಗದ ಮೇಲೆ ನೆಟ್ಟಿತು. ನಾಚಿಕೆಗೋ ಹೆದರಿಕೆಗೋ, ಬಗ್ಗಿದವನಿಗೆ ಏಳಲು ಆಗಲಿಲ್ಲ.

ಅಕ್ಕ ಓಡಿ ಬಂದಳು. “ಅಯ್ಯೋ ಪಾಪಿ, ನಂಗ್ಯಾಕ್ಲಾ ಯೋಳ್ನಿಲ್ಲ?”

“ಯೋಳಿದ್ರೆ ಎತ್ತೋಕೆ ಬುಡ್ತಿದ್ಯಾ ಅಕ್ಕ?” ಎಂದೆ. ನಿಜವಾಗಿಯೂ ಅಳು ಬಂದುಬಿಟ್ಟಿತು. ಅಕ್ಕನ ಕಣ್ಣಲ್ಲೂ ನೀರು.

ರಮ್ಯಾ ಮಾತ್ರ ನಕ್ಕಳು. “ಮಾವ, ಮೊದ್ಲು ನೀನು ಏಳು,” ಎಂದು ನನ್ನ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಮದುಮಗ ಮಂಟಪದಿಂದ ಇಳಿದು ಬಂದು ಇನ್ನೊಂದು ಪಕ್ಕ ಹಿಡಿದ. ವಾಲಗದವರಿಗೆ ಏನು ತೋಚಿತೋ, ಮತ್ತೆ ಊದಲು ಶುರು ಮಾಡಿದರು. ಜನ ಅಕ್ಷತೆಯನ್ನೂ ಹಾಕಿದರು, ನನ್ನ ತಲೆಯ ಮೇಲೇ!

ನಮ್ಮ ವಂಶದಲ್ಲಿ ಎಷ್ಟೋ ಸೋದರಮಾವಂದಿರು ಹೆಣ್ಣನ್ನು ಹಸೆಮಣೆಗೆ ಎತ್ತಿಕೊಂಡು ಹೋಗಿದ್ದಾರೆ. ಹೆಣ್ಣು ಗಂಡು ಇಬ್ಬರೂ ಸೇರಿ ಹಸೆಮಣೆಯವರೆಗೆ ಸಾಗಿಸಿದ ಮೊದಲ ಸೋದರಮಾವ ನಾನೇ. ಮದುಮಗಳನ್ನು ಆಮೇಲೆ ಕೂರಿಸಿದರು; ಮೊದಲು ಕುರ್ಚಿ ಹುಡುಕಿದ್ದು ನನಗೆ!