ಸ್ಪೆಷಲ್ ಸಬ್ಜೆಕ್ಟ್ ಯಾವ್ದು ತಗೊಳ್ಳಲಿ ಸಾರ್?

ಎಪ್ಪತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದಲ್ಲಿ ಕಾಮರ್ಸ್ ಮೇಷ್ಟ್ರು. ಕೊನೇ ವರ್ಷದ ಬಿ.ಕಾಂ.ನವರು ಬ್ಯಾಂಕಿಂಗ್, ತಯಾರಿಕೆಯ ಖರ್ಚು ಲೆಕ್ಕ ಹಾಕುವ ಕಾಸ್ಟಿಂಗ್, ಮಾರ್ಕೆಟಿಂಗ್ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಕಾಸ್ಟಿಂಗ್ ಪಾಠದ ಜೊತೆಗೆ ಸಲಹೆ ಕೊಡುವ ಕೆಲಸವೂ ನನ್ನದು. ಪ್ರತಿವರ್ಷ ಸಲಹೆ ಕೊಡಲು ಕೂತು, ಬೆರಗಾಗಿ ಎದ್ದುಬರುತ್ತಿದ್ದೆ.

೧. ರೈಲಿನ ಹುಡುಗ

ಮಾಕಳಿದುರ್ಗದ ಕಡೆಯ ಹುಡುಗನೊಬ್ಬ ಬಂದವನೇ "ಬ್ಯಾಂಕಿಂಗ್ ಸಾರ್" ಅಂದ.

"ಬ್ಯಾಂಕಿನ ಕಡೆ ಅಷ್ಟು ಒಲವೇನಪ್ಪಾ?"

"ಬ್ಯಾಂಕೊಳಗೆ ಇನ್ನೂ ಕಾಲೇ ಇಟ್ಟಿಲ್ಲ ಸಾರ್. ಆ ಕ್ಲಾಸ್ ಮುಗಿದ್ರೆ ನಮ್ಮೂರ ರೈಲು ಸಿಗ್ತದೆ. ಕಾಸ್ಟಿಂಗ್ ತಗೊಂಡ್ರೆ ರೈಲು ತಪ್ಪಿ ಹಳಿ ಮೇಲೆ ನಡ್ಕೊಂಡು ಹೋಗ್ಬೇಕು."

ಟೈಂಟೇಬಲ್ ತೆಗೆದು ನೋಡಿದೆ. ಮಾತು ನಿಜ! ಮರುವರ್ಷ ಕಾಸ್ಟಿಂಗನ್ನು ಬೆಳಗಿನ ಪೀರಿಯಡ್ಡಿಗೆ ಹಾಕಿಸಿದೆ. ರೈಲಿನಲ್ಲಿ ಬರುವ ಹನ್ನೊಂದು ಜನಕ್ಕೂ ಒಂದೇ ಸಲಕ್ಕೆ ಕಾಸ್ಟಿಂಗ್ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಅದು ನನ್ನ ಪಾಠದ ಮಹಿಮೆ ಅಂತ ಪ್ರಿನ್ಸಿಪಾಲರಿಗೆ ನಾನೇ ಹೇಳಿದೆ.

೨. ನೂಲಿನ ಲೆಕ್ಕ

ಮಗ್ಗದ ಮನೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಳು. ಅಪ್ಪ, "ಸುಲಭವಾದ್ದು ಯಾವ್ದಾದ್ರೂ ಕೊಡಿ ಸಾರ್" ಅಂದರು. ಅವಳು ಮೆಲ್ಲಗೆ, "ನಂಗೆ ಕಾಸ್ಟಿಂಗೇ ಬೇಕು" ಅಂದಳು.

"ಕಷ್ಟ ಕಣಮ್ಮ."

"ಒಂದು ಲೆಕ್ಕ ಕೊಟ್ಟು ನೋಡಿ ಸಾರ್."

ಪುಸ್ತಕದಿಂದ ಬಟ್ಟೆ ಮಿಲ್ಲಿನ ಲೆಕ್ಕವೊಂದನ್ನು ಕೊಟ್ಟೆ. ಓದಿ ಪೆನ್ನು ಕೆಳಗಿಟ್ಟಳು. "ಇಷ್ಟು ನೂಲು ಹಾಳು ಮಾಡಿದ್ರೆ ಈ ಮಿಲ್ಲು ಮುಚ್ಚೋಗ್ತದೆ ಸಾರ್. ಇದಕ್ಕೆ ಲೆಕ್ಕ ಬೇರೆ ಯಾಕೆ?"

ಅಷ್ಟರಲ್ಲಿ ಕಿಟಕಿಯ ಕಡೆ ತಲೆ ವಾಲಿಸಿ, "ಅಪ್ಪಾ, ಕಾಲೇಜಿನ ಹಿಂದಿನ ಮನೇಲಿ ಒಂದು ಮಗ್ಗ ನಿಂತೋಯ್ತು, ಎಳೆ ಕಿತ್ತಿರ್ಬೇಕು" ಅಂದಳು. ಅಪ್ಪ ಕಿವಿಗೊಟ್ಟು "ಹೂಂ ಕಣಮ್ಮ" ಅಂದರು. ವರ್ಷಗಟ್ಟಲೆ ಅದೇ ಕಿಟಕಿಯ ಪಕ್ಕ ಕೂತಿದ್ದ ನನಗೆ ಅದೆಲ್ಲ ಬರೀ ಕಟಕಟ ಸದ್ದು! ಅವಳ ಅರ್ಜಿಗೆ ಸಹಿ ಹಾಕಿದೆ. ಆ ವರ್ಷ ನನ್ನ ಪುಸ್ತಕದಲ್ಲಿದ್ದ ಮಿಲ್ಲುಗಳನ್ನೆಲ್ಲ ಅವಳು ಒಂದೊಂದಾಗಿ ಮುಚ್ಚಿಸಿದಳು.

೩. ಚಕ್ಕೋತದ ಅಜ್ಜಿ

ದೇವನಹಳ್ಳಿಯಿಂದ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು, ಕುಕ್ಕೆ ತುಂಬ ಚಕ್ಕೋತ ಹೊತ್ತು ಸ್ಟಾಫ್ ರೂಮಿಗೇ ಬಂದರು. ಕೆಲಸ ಮುಗಿಸಿ ಸಂತೆಗೆ ಹೋಗುವವರು. "ಹುಡುಗ ಮಾರ್ಕೆಟಿಂಗು ಅಂತಾನೆ. ಅದ್ರಲ್ಲಿ ಏನು ಹೇಳ್ಕೊಡ್ತೀರಿ?"

ನಮ್ಮ ಮಾರ್ಕೆಟಿಂಗ್ ಮೇಷ್ಟ್ರು ಎದ್ದು ನಿಂತು, "ಸರಕು ಮಾರೋದು ಹೇಗೆ ಅಂತ ಅಜ್ಜಿ" ಅಂದರು.

"ಹಂಗಾದ್ರೆ ಒಂದು ಹಣ್ಣು ಮಾರಿ ನೋಡಾನ."

ಮೇಷ್ಟ್ರು ಹಣ್ಣು ಹಿಡಿದು ಗ್ರಾಹಕ, ಬೇಡಿಕೆ, ಪ್ರಚಾರ ಅಂತ ಕಾಲು ಗಂಟೆ ಮಾತಾಡಿದರು. ಒಬ್ಬರೂ ಕೊಳ್ಳಲಿಲ್ಲ.

ಅಜ್ಜಿ ಕುಕ್ಕೆಗೆ ಕೈ ಹಾಕಿದರು. ಒಂದು ಹಣ್ಣು ಸುಲಿದರು. ಘಮ ರೂಮೆಲ್ಲ ಹರಡಿತು. ಎಲ್ಲರ ಕೈಗೂ ಒಂದೊಂದು ತೊಳೆ ಇಟ್ಟು, ಕುಕ್ಕೆ ಎತ್ತಿಕೊಂಡು ಹೊರಟೇಬಿಟ್ಟರು. ನಾವೇ ಎದ್ದು ಓಡಿ, ಬಾಗಿಲಲ್ಲಿ ಅಡ್ಡ ನಿಂತು ಕೊಂಡೆವು. ಐದೇ ನಿಮಿಷಕ್ಕೆ ಕುಕ್ಕೆ ಖಾಲಿ.

"ಹುಡುಗನ್ನ ಬ್ಯಾಂಕಿಂಗಿಗೆ ಹಾಕ್ಕೊಳ್ಳಿ. ಮಾರೋದು ನಾನೇ ಹೇಳ್ಕೊಡ್ತೀನಿ" ಅಂತ ಹೇಳಿ ಅಜ್ಜಿ ಹೋದರು.

ತಿರುಗಿ ನೋಡಿದರೆ, ಮನೆಯಲ್ಲಿ ಒಬ್ಬರೇ ಇರುವ ಮಾರ್ಕೆಟಿಂಗ್ ಮೇಷ್ಟ್ರು ಮೂರು ಚಕ್ಕೋತ ತಬ್ಬಿಕೊಂಡು ನಿಂತಿದ್ದಾರೆ.

"ಮೂರು ಯಾಕ್ರೀ?" ಅಂದೆ.

"ಅಜ್ಜಿ ನನಗೆ 'ನಿಮಗೆ ಒಂದು ಸಾಕು' ಅಂದುಬಿಟ್ರು ಸಾರ್!"