ಮನಿ ಗಾಡಿಗೆ ನಾನು ಹಾಕಿದ ಬೆಳಕು

ನಾನು ವಿದ್ಯುತ್ ಇಲಾಖೆಯ ನೌಕರ. ಇದನ್ನು ಜೀವನದಲ್ಲಿ ಎಷ್ಟು ಸಲ, ಎಷ್ಟು ಗಂಭೀರವಾಗಿ ಹೇಳಿಕೊಂಡಿದ್ದೇನೋ ನನಗೇ ನೆನಪಿಲ್ಲ. ಇಲಾಖೆಯಲ್ಲಿ ನನ್ನ ಕೆಲಸ ಬಂದ ಟಪಾಲಿಗೆ ಮೊಹರು ಹೊಡೆದು ಒಳಗೆ ಕಳಿಸುವುದು ಎಂಬುದನ್ನು ಮಾತ್ರ ಕೇಳಿದವರಿಗಷ್ಟೇ ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಜಹೀರಾಬಾದಿನ ನಮ್ಮ ಓಣಿಯಲ್ಲಿ ಫ್ಯೂಸ್ ಹೋದರೂ ಟಿವಿಯಲ್ಲಿ ಗೆರೆ ಬಂದರೂ ಜನ ನನ್ನನ್ನೇ ಕರೆಯುತ್ತಿದ್ದರು. ನಾನು ಹೋಗಿ ನೋಡಿ, ತಲೆಯಾಡಿಸಿ, "ಲೋಡ್ ಭಾಳ ಆಗ್ಯಾದ" ಎಂದು ಹೇಳಿ, ಚಹಾ ಕುಡಿದು ಬರುತ್ತಿದ್ದೆ. ಅವರಿಗೂ ಸಮಾಧಾನ, ನನಗೂ ಸಮಾಧಾನ.

ತೆಲಂಗಾಣ ಚಳವಳಿ ಜೋರಾಗಿದ್ದ ಕಾಲ. ನೌಕರರೆಲ್ಲ ಮುಷ್ಕರ ಹೂಡಿದ್ದೆವು. ಬೆಳಿಗ್ಗೆ ಶಾಮಿಯಾನದ ಕೆಳಗೆ ಕೂತು ಘೋಷಣೆ ಕೂಗಿ ಮಧ್ಯಾಹ್ನ ಮನೆಗೆ ಬಂದರೆ ಮಾಡಲು ಏನೂ ಇರುತ್ತಿರಲಿಲ್ಲ. ಸುಮ್ಮನೆ ಕೂಡುವುದು ಹೇಗೆ ಎಂದು ನನ್ನ ಹೆಂಡತಿ ಶಾಂತಾಬಾಯಿಯ ಮಿಕ್ಸಿ ಬಿಚ್ಚಿದೆ. ಅದು ಇವತ್ತಿಗೂ ಒಂದು ರೊಟ್ಟಿ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಇದೆ.

ಅಂಥ ಹೊತ್ತಿನಲ್ಲಿ ಅವಳ ತಮ್ಮ ಮಾಣಿಕಪ್ಪ ನಾಗಲಗಿದ್ದದಿಂದ ತನ್ನ 'ಮನಿ ಗಾಡಿ' ಹೊಡೆದುಕೊಂಡು ಬಂದ. ಮಾಣಿಕಪ್ಪನದು ಕುರಿ ಸಾಕುವ ಮನೆತನ. ಕುರಿಗಳ ಹಿಂದೆ ಊರೂರು ತಿರುಗಿದ ಅವನ ತಾಯಿಗೆ ವಯಸ್ಸಾದ ಮೇಲೂ ಒಂದು ಕಡೆ ಕೂತು ಗೊತ್ತಿಲ್ಲ, ಆದರೆ ಮೊಣಕಾಲು ಬಸ್ಸು ಹತ್ತಲು ಒಪ್ಪುವುದಿಲ್ಲ. ಅದಕ್ಕೆ ಮಗ ಹಳೆಯದೊಂದು ಮಿನಿ ಬಸ್ಸು ಕೊಂಡು, ಸೀಟು ಕಿತ್ತು, ಮಲಗಲು ಹಲಗೆಯ ಮಂಚ, ಒಲೆಗೊಂದು ಕಟ್ಟೆ, ನೀರಿಗೆ ಡ್ರಮ್ಮು, ಕಿಟಕಿಗೆ ಹೂವಿನ ಪರದೆ ಎಲ್ಲ ಮಾಡಿಸಿದ್ದ. ತಾಯಿಯನ್ನು ಮಲಗಿಸಿಕೊಂಡು ಪಂಢರಾಪುರ, ತುಳಜಾಪುರ ತಿರುಗುತ್ತಿದ್ದ. ಗಾಡಿಗೆ ಇದ್ದದ್ದು ಒಂದೇ ರೋಗ. ನಿಲ್ಲಿಸಿದ ಮೇಲೆ ಒಳಗಿನ ಹಳದಿ ಬಲ್ಬುಗಳನ್ನು ಹಚ್ಚಿ ಅಡುಗೆ ಮಾಡಿ ಉಂಡರೆ ಬ್ಯಾಟರಿ ಇಳಿದುಹೋಗುತ್ತಿತ್ತು. ದೇವರಿಗೆ ಕೈ ಮುಗಿದು ಬಂದವರೆಲ್ಲ ಆಮೇಲೆ ಗಾಡಿ ನೂಕಬೇಕಾಗುತ್ತಿತ್ತು.

ಈ ಸಲ ಅವನು ಮಗಳು ಸಂಗೀತಾಳನ್ನು ಕರೆದುಕೊಂಡು ಬಂದದ್ದು ಅವಳ ಮದುವೆಯ ನಿಶ್ಚಯಕ್ಕೆ. ಹುಡುಗ ತಾಂಡೂರಿನ ಹತ್ತಿರದ ಯಾಲಾಲಿನವನು. ಹುಡುಗ, ಹುಡುಗಿ ಇಬ್ಬರಿಗೂ ಮನಸ್ಸಿತ್ತು. ಎರಡೂ ಊರಿಗೆ ನಡುವೆ ಆಗುತ್ತದೆಂದು ಕಾರ್ಯ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆವು. ತೊಡಕು ಇದ್ದದ್ದು ಹುಡುಗನ ಅಜ್ಜಿಯದು. ಅವರನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಆಯಿ ತಮ್ಮ ಕೈಯಾರೆ ಹಸಿರು ಸೀರೆ ಕೊಟ್ಟು, ಉಡಿ ತುಂಬಿ, ಕುಂಕುಮ ಹಚ್ಚಿದರೆ ನಿಶ್ಚಯ, ಇಲ್ಲದಿದ್ದರೆ ಇಲ್ಲ. ಹಿಂದೆ ಒಂದು ಒಳ್ಳೆಯ ಸಂಬಂಧವನ್ನು ಹಲ್ಲಿ ನುಡಿಯಿತೆಂದು ಬಿಟ್ಟು ಎದ್ದು ಬಂದವರು ಅವರು. ಸೊಂಟ ಹಿಡಿದುಕೊಂಡು ಕೂತು ಬರುವ ಹಾಗಿರಲಿಲ್ಲವಾದ್ದರಿಂದ, ಮನಿ ಗಾಡಿ ಯಾಲಾಲಿಗೆ ಹೋಗಿ ಅವರನ್ನು ಮಲಗಿಸಿ ತರಬೇಕಿತ್ತು.

"ಭಾವಾ, ಬಲ್ಬಿಂದೇ ಚಿಂತಿ ಆಗ್ಯಾದ ನೋಡ್ರಿ," ಎಂದ ಮಾಣಿಕಪ್ಪ. "ಹಾದಿಯಾಗ ಎಲ್ಲರೆ ನಿಲ್ಲಿಸಿದ್ವಿ, ಬ್ಯಾಟರಿ ಇಳೀತು ಅಂದ್ರ, ಬೀಗರ ಕೈಲೆ ಗಾಡಿ ನೂಕಿಸಬೇಕಾಗ್ತದ. ಮರ್ಯಾದಿ ಏನ್ ಉಳೀತದ?"

"ಫಿಕರ್ ಮಾಡಬ್ಯಾಡ," ಎಂದೆ. "ಎಲ್‌ಇಡಿ ಹಾಕೋಣ. ಅದು ಕರೆಂಟ್ ತಿನ್ನಂಗೇ ಇಲ್ಲ."

"ಮಿಸ್ತ್ರಿಗಿ ತೋರಸ್ರಿ," ಎಂದಳು ಶಾಂತಾಬಾಯಿ ಒಳಗಿನಿಂದ.

"ಬಂದ್ ಅದ. ಮಿಸ್ತ್ರಿ ಎಲ್ಲಿ ಸಿಗ್ತಾನ? ನಾ ಕರೆಂಟ್ ಆಫೀಸಿನಾಂವ ಅದೀನಿ."

"ಮಿಕ್ಸಿಗೂ ಹಿಂಗೇ ಅಂದಿದ್ರಿ."

ಈ ಮಾತಿಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಚಪ್ಪಲಿ ಮೆಟ್ಟಿಕೊಂಡು ಬಜಾರಿಗೆ ಹೋದೆ. ಅಂಗಡಿಗಳೆಲ್ಲ ಬಾಗಿಲು ಮುಚ್ಚಿದ್ದವು. ಬಿಜಲಿ ಸಾಮಾನಿನ ಒಂದು ಅಂಗಡಿಯ ಶಟರ್ ಮಾತ್ರ ನೆಲದಿಂದ ಮೊಳದಷ್ಟು ಮೇಲಿತ್ತು. ನಾನು ಬಗ್ಗಿ ಒಳಗಿದ್ದ ಕಾಲುಗಳ ಜೊತೆ ವ್ಯವಹಾರ ಮಾಡಿದೆ. "ಗಾಡಿಗಿ ಹಾಕೋ ಎಲ್‌ಇಡಿ ಪಟ್ಟಿ, ಥಂಡಾ ಬೆಳಕಿಂದು," ಎಂದೆ. ಒಂದು ಸುರುಳಿ ಹೊರಗೆ ಬಂತು. "ಹಚ್ಚಿ ನೋಡ್ತೀರೇನ್ರಿ?" ಎಂದವು ಕಾಲುಗಳು. "ನಮಗ ನೋಡೋದು ಬೇಕಿಲ್ಲ, ನಾವು ಇಲಾಖೆಯವರು," ಎಂದು ಹೇಳಿ ಬಂದೆ.

ಮಧ್ಯಾಹ್ನ ಕೆಲಸ ಆರಂಭವಾಯಿತು. ಮೊದಲು ಹಳೆಯ ಬಲ್ಬು, ಹಳೆಯ ಹೋಲ್ಡರು, ಹಳೆಯ ತಂತಿ ಎಲ್ಲವನ್ನೂ ಕಿತ್ತು ತಿಪ್ಪೆಗೆ ಹಾಕಿದೆ. ಹಿಂದಿರುಗಿ ನೋಡುವ ಸ್ವಭಾವ ನನ್ನದಲ್ಲ. ಚಾವಣಿಗೆ ಪಟ್ಟಿ ಅಂಟಿಸಿದೆ. ಕಿತ್ತ ಮೇಲೆ ಅದಕ್ಕೆ ಕರೆಂಟು ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂತು. ಗಾಡಿಯ ಹಿಂಬದಿಯಲ್ಲಿ ತಂತಿಗಳ ದಪ್ಪ ಕಟ್ಟೊಂದು ಸಿಕ್ಕಿತು. ಒಂದೊಂದನ್ನೇ ಚೂರು ಸುಲಿದು, ಕೈಯಲ್ಲಿದ್ದ ಚಿಕ್ಕ ಬಲ್ಬು ಮುಟ್ಟಿಸಿ ನೋಡಿದೆ. ಕೊನೆಗೆ ಒಂದರಲ್ಲಿ ಕರೆಂಟು ಇತ್ತು. ಅದಕ್ಕೇ ಪಟ್ಟಿ ಕೂಡಿಸಿದೆ. ಹತ್ತಲಿಲ್ಲ. ತಂತಿ ಅದಲುಬದಲು ಮಾಡಿದೆ. ಗಾಡಿಯೆಲ್ಲ ಬೆಳಗಿತು. ಇನ್ನು ಯಾರೂ ಬಿಚ್ಚಬಾರದೆಂದು ಆ ಜೋಡಣೆಯ ಮೇಲೆ ಇದ್ದಬದ್ದ ಟೇಪನ್ನೆಲ್ಲ ಸುತ್ತಿಬಿಟ್ಟೆ.

"ಜರಾ ನೀಲಿ ಕಾಣಸ್ತದಲ್ರಿ?" ಎಂದಳು ಶಾಂತಾಬಾಯಿ ಬಾಗಿಲಲ್ಲಿ ನಿಂತು.

"ಹಗಲಿನಾಗ ಹಂಗೇ. ಕತ್ತಲಾದ ಮ್ಯಾಲ ಹಾಲಿನಂಗ ಆಗ್ತದ."

ಅಷ್ಟರಲ್ಲಿ, ಇಷ್ಟು ಹೊತ್ತೂ ಡ್ರೈವರ್ ಸೀಟಿನಲ್ಲೇ ಕೂತಿದ್ದ ಮಾಣಿಕಪ್ಪ ಗಾಡಿಯನ್ನು ಗೇರಿನಲ್ಲಿ ಬಿಟ್ಟು, ಗಾಲಿಗೆ ಕಲ್ಲು ಕೊಡಲು ಕೆಳಗಿಳಿದ. ಬೆಳಕು ಹೋಯಿತು. ಕಲ್ಲು ಕೊಟ್ಟು ಮತ್ತೆ ಹತ್ತಿ ಕೂತ. ಬೆಳಕು ಬಂತು. ನಮ್ಮ ಮನೆಯ ಮುಂದೆ ಇಳಿಜಾರು. ಅವನ ಗಾಡಿಯ ಕೈ ಬ್ರೇಕು ಹಿಡಿಯುತ್ತಿರಲಿಲ್ಲ, ಅದಕ್ಕೆ ಅವನು ಕೂತಾಗಲೆಲ್ಲ ಕಾಲಿನ ಬ್ರೇಕು ಒತ್ತಿಕೊಂಡೇ ಕೂಡುತ್ತಿದ್ದ. ನಾನು ಕರೆಂಟು ತೆಗೆದುಕೊಂಡದ್ದು ಹಿಂದಿನ ಬ್ರೇಕ್ ದೀಪದ ತಂತಿಯಿಂದ. ಬ್ರೇಕು ಒತ್ತಿದರೆ ಬೆಳಕು, ಬಿಟ್ಟರೆ ಕತ್ತಲೆ. ಇದು ನನಗೆ ಹೊಳೆದದ್ದು ಆಗಲೇ. ಬಿಚ್ಚೋಣವೆಂದರೆ ಹಳೆಯ ತಂತಿ ತಿಪ್ಪೆಯಲ್ಲಿ, ಹೊಸ ತಂತಿ ಟೇಪಿನೊಳಗೆ.

"ಏನ್ ಭಾವಾ, ನಾ ಇಳಿದ್ರ ಹೋಗ್ತದಲ್ಲ?"

"ಡ್ರೈವರ್ ಇದ್ರೇ ಬೆಳಕು," ಎಂದೆ. "ಸುಮ್‌ಸುಮ್ನೆ ಬ್ಯಾಟರಿ ಇಳೀಬಾರ್ದು ಅಂತ ಹಂಗ ಮಾಡೀನಿ. ಹೊಸ ಪದ್ಧತಿ."

ಅವನು ನನ್ನನ್ನು ನೋಡಿದ ನೋಟದಲ್ಲಿ ಅಪಾರ ಗೌರವವಿತ್ತು. ಪಾಪ, ಮಗಳ ತಂದೆ. ಆ ಗೌರವ ಕಂಡು ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಮರುದಿನ ಬಂದ್ ಶುರುವಾಗುವ ಮೊದಲೇ, ನಸುಕಿನಲ್ಲಿ ಮಾಣಿಕಪ್ಪನೂ ನಾನೂ ಯಾಲಾಲಿಗೆ ಹೊರಟೆವು. ಸಂಜೆಗೆ ಬಂದ್ ಸಡಿಲವಾಗುತ್ತದೆಂದು ಆಯಿ ದೀಪ ಹಚ್ಚುವ ಹೊತ್ತಿನ ಮುಹೂರ್ತ ಇಟ್ಟಿದ್ದರು. ಮಧ್ಯಾಹ್ನ ಅಲ್ಲಿ ಉಂಡು, ಆಯಿಯನ್ನು ಮಂಚದ ಮೇಲೆ ಮಲಗಿಸಿ, ಹುಡುಗ ಮತ್ತು ಅವನ ತಂದೆ-ತಾಯಿಯನ್ನು ಕೂಡಿಸಿಕೊಂಡು ಹಿಂದಿರುಗಿದೆವು. ಹೊತ್ತು ಇಳಿಯುತ್ತಿದ್ದಂತೆ ನನ್ನ ಹೊಸ ಪದ್ಧತಿ ಕೆಲಸ ಶುರುಮಾಡಿತು. ಹಾದಿಯಲ್ಲಿ ಗುಂಡಿ ಬಂದಾಗಲೆಲ್ಲ ಮಾಣಿಕಪ್ಪ ಬ್ರೇಕು ಒತ್ತುವನು, ಒಳಗೆ ನೀಲಿ ಬೆಳಕು ಫಳಕ್ಕೆನ್ನುವುದು, ಆಯಿ ಕಣ್ಣು ಬಿಡುವರು.

"ಮಿಂಚಾಕ ಹತ್ಯಾದ," ಎಂದರು ಆಯಿ. "ಮಳಿ ಬರ್ತದೋ ಏನೋ."

"ಬರ್ತದ್ರಿ," ಎಂದೆ.

ಆ ರಸ್ತೆಯಲ್ಲಿ ಗುಂಡಿಗಳಿಗೆ ಬರವಿಲ್ಲ. ಜಹೀರಾಬಾದು ಹತ್ತಿರ ಬರುವ ತನಕ ಆಯಿ ರೆಪ್ಪೆ ಮುಚ್ಚಲಿಲ್ಲ.

ಊರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ರಸ್ತೆ ತಡೆ. ರಸ್ತೆಯ ನಡುವೆಯೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಪಂಕ್ತಿ ಕೂತು ಉಣ್ಣುವುದು ಆಗಿನ ಹೋರಾಟದ ಪದ್ಧತಿ. ಅನ್ನ ಇಳಿಸಿ ಒಲೆ ಆರಿಸಿದ್ದರು. ಸಾರಿನ ವಾಸನೆ ಗಾಡಿಯೊಳಗೂ ಬಂತು. ನಾನು ಇಳಿದು, ನಾನೂ ಮುಷ್ಕರದ ನೌಕರನೇ, ಒಳಗೆ ನಿಶ್ಚಯದ ಜನ ಇದ್ದಾರೆ ಎಂದು ಹೇಳಿದೆ. "ಊಟ ಆದ ಮ್ಯಾಲ ಬಿಡ್ತೀವಿ ಸಾರ್, ನೀವೂ ಬರ್ರಿ, ಕೂಡ್ರಿ," ಎಂದರು ಪ್ರೀತಿಯಿಂದ. ಊಟ ಮುಗಿಯುವುದರೊಳಗೆ ಮುಹೂರ್ತ ಮುಗಿಯುತ್ತಿತ್ತು.

ಮಾಣಿಕಪ್ಪ ಅಕ್ಕನಿಗೆ ಫೋನು ಮಾಡಿದ. ಶಾಂತಾಬಾಯಿ ಸಂಗೀತಾಳನ್ನು ಕರೆದುಕೊಂಡು, ಅರಿಶಿನ-ಕುಂಕುಮದ ತಟ್ಟೆ ಹಿಡಿದುಕೊಂಡು, ಆಟೋದಲ್ಲಿ ಬಂದು, ಉಳಿದ ದೂರ ನಡೆದು ಗಾಡಿ ಸೇರಿದಳು. ಕಾರ್ಯ ಗಾಡಿಯಲ್ಲೇ ಮಾಡುವುದೆಂದು ನಿಶ್ಚಯವಾಯಿತು. ಡೀಸೆಲ್ ಬಂಕುಗಳೂ ಬಂದ್ ಇದ್ದುದರಿಂದ ಮಾಣಿಕಪ್ಪ ಎಂಜಿನ್ನು ಆರಿಸಿದ್ದ. ಹುಡುಗಿಯ ತಂದೆ, ಅವನು ತಟ್ಟೆಯ ಮುಂದೆ ಕೂಡಬೇಕು. ಹಾಗಾಗಿ ಬ್ರೇಕು ಒತ್ತಲು ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಎರಡೂ ಕಾಲು ಕೊಟ್ಟು ಭದ್ರವಾಗಿ ಒತ್ತಿದೆ. ಬೆಳಕು ಬಂತು. ಕತ್ತಲಾಗಿತ್ತು, ಹಾಲಿನಂತಾಗುವ ಲಕ್ಷಣ ಮಾತ್ರ ಇರಲಿಲ್ಲ. ಒಳಗಿದ್ದವರೆಲ್ಲ ನೀಲಿಯಾಗಿ ಕೂತಿದ್ದರು.

ಆಯಿ ದಿಂಬಿಗೊರಗಿ ಗಂಟು ಬಿಚ್ಚಿ ಸೀರೆ ತೆಗೆದರು. ಸೀರೆ ಕಪ್ಪಗಿತ್ತು. ಅಂಚೂ ಕಪ್ಪಗಿತ್ತು. ಅವರು ಕುಂಕುಮದ ಬಟ್ಟಲು ನೋಡಿದರು. ಅದು ಕಾಡಿಗೆಯಂತಿತ್ತು. ಅರಿಶಿನಕ್ಕೆ ಬಣ್ಣವೇ ಇರಲಿಲ್ಲ. ಹೊರಗೆ ಯಾರೋ ಸಾರು ಬಡಿಸಿರೆಂದು ಕೂಗುತ್ತಿದ್ದರು.

"ನಾ ತಾಂಡೂರಾಗ ನಿಂತು ಹಸರು ಸೀರಿ ಆರಿಸೀನಿ," ಎಂದರು ಆಯಿ ಮೆಲ್ಲಗೆ. "ಕರೇದು ಹ್ಯಾಂಗಾತು?"

"ಲೈಟಿಂದ್ರೀ ಅದು," ಎಂದಳು ಶಾಂತಾಬಾಯಿ.

"ಹಾದಿ ತುಂಬ ಮಿಂಚು ಹೊಡೀತು, ಹನಿ ಮಳಿ ಇಲ್ಲ. ಈಗ ಕುಂಕುಮ ಕರೇದಾತು. ದೇವರು ಇನ್ನ ಹ್ಯಾಂಗ ಹೇಳ್ಬೇಕು? ಬ್ಯಾಡ. ಈ ಸಂಬಂಧ ಬ್ಯಾಡ. ಗಾಡಿ ತಿರಗಸ್ರಿ."

ಮಾಣಿಕಪ್ಪ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. ಹುಡುಗ ತಲೆ ಬಗ್ಗಿಸಿದ. ನಾನು ಮುಂದೆ ಕೂತು ಎದುರಿನ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದೆ. ತಪ್ಪು ನನ್ನದೆಂದು ಎದ್ದು ಹೇಳೋಣವೆಂದರೆ, ಎದ್ದರೆ ಕತ್ತಲಾಗುತ್ತದೆ. ಆ ಮಗುವಿನ ಬದುಕು ನನ್ನ ಎರಡು ಕಾಲುಗಳ ಕೆಳಗೆ ಸಿಕ್ಕಿಕೊಂಡ ಹಾಗೆ ಅನಿಸಿತು.

ಆಗ ಸಂಗೀತಾ ಎದ್ದಳು. ಆಯಿಯ ತೊಡೆಯ ಮೇಲಿನ ಸೀರೆ, ಕುಂಕುಮದ ಬಟ್ಟಲು ಎರಡನ್ನೂ ಎತ್ತಿಕೊಂಡು ನನ್ನ ಹತ್ತಿರ ಬಂದಳು.

"ಮಾಮಾ, ಮುಂದಿನ ದೊಡ್ಡ ಲೈಟಿಗಿ ಕೈ ಹಚ್ಚೀರೇನು?"

"ಇಲ್ಲವ್ವ."

"ಖರೇ ಹೇಳ್ರಿ."

"ದೇವರಾಣೆಗೂ ಹಚ್ಚಿಲ್ಲ."

"ಹಂಗಿದ್ರ ಹಚ್ಚ್ರಿ ಅದನ್ನ."

ಅವಳು ಇಳಿದು ಹೋಗಿ ಗಾಡಿಯ ಮುಂದೆ, ರಸ್ತೆಯ ಮೇಲೆ ನಿಂತು ಸೀರೆ ಬಿಡಿಸಿ ಹಿಡಿದಳು. ನಾನು ಹೆಡ್‌ಲೈಟು ಹಚ್ಚಿದೆ. ಹಳೆಯ ಹಳದಿ ಬೆಳಕಿನಲ್ಲಿ ಸೀರೆ ಎಳೆ ಬಾಳೆ ಎಲೆಯ ಹಸಿರಾಯಿತು, ಅಂಚು ಕೆಂಪಾಯಿತು. ಶಾಂತಾಬಾಯಿ, ಬೀಗಿತ್ತಿ ಇಬ್ಬರೂ ಆಯಿಯನ್ನು ಹಿಡಿದು ಮುಂದೆ ತಂದರು. ಆಯಿ ಮುಂದಿನ ಗಾಜಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ, "ಇಳಸ್ರಿ ನನ್ನ," ಎಂದರು.

ಊಟಕ್ಕೆ ಕೂತಿದ್ದ ಹೋರಾಟದ ಜನ ಕೈ ತೊಳೆದು ಬಂದು, ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಆಯಿಯನ್ನು ಎತ್ತಿ ಇಳಿಸಿದರು. ರಸ್ತೆಯ ನಡುವೆ ಉಡಿ ತುಂಬಿದ್ದಾಯಿತು, ಕುಂಕುಮ ಹಚ್ಚಿದ್ದಾಯಿತು, ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಸಂಗೀತಾ ನಕ್ಕದ್ದನ್ನು ನಾನು ಗಾಜಿನ ಹಿಂದಿನಿಂದ ನೋಡಿದೆ. ಕಣ್ಣು ಒದ್ದೆಯಾದವು. ನನಗೆ ಯಾರೂ ಸಕ್ಕರೆ ತಂದು ಕೊಡಲಿಲ್ಲ. ಬ್ರೇಕು ಬಿಡು ಎಂದೂ ಯಾರೂ ಹೇಳಲಿಲ್ಲ. ಖಾಲಿ ಗಾಡಿಗೆ ನೀಲಿ ಬೆಳಕು ಕೊಡುತ್ತ ಕಾರ್ಯ ಮುಗಿಯುವ ತನಕ ಒತ್ತಿಕೊಂಡೇ ಕೂತಿದ್ದೆ.

ಎಲ್ಲರೂ ಹತ್ತಿದ ಮೇಲೆ ಮಾಣಿಕಪ್ಪ ಚಾವಿ ತಿರುಗಿಸಿದ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎಲ್‌ಇಡಿ ಕರೆಂಟು ತಿನ್ನುವುದಿಲ್ಲ ಎಂದು ನಾನು ಹೇಳಿದ್ದು ನಿಜವೇ. ಆದರೆ ಅದರ ಜೊತೆಗೆ ಹಿಂದಿನ ಬ್ರೇಕ್ ದೀಪಗಳೂ ಅಷ್ಟು ಹೊತ್ತು ಕೆಂಪಗೆ ಉರಿದಿದ್ದವು, ಮುಂದೆ ಹೆಡ್‌ಲೈಟು ಉರಿದಿತ್ತು. ಬ್ಯಾಟರಿ ಪೂರ್ತಿ ಇಳಿದಿತ್ತು.

ಬೀಗರು ಇಳಿದರು. ಮದುವೆ ಗಂಡು ಅಂಗಿಯ ತೋಳು ಮಡಚಿದ. ಹೋರಾಟದ ಜನ ಗಾಡಿಗೆ ದಾರಿ ಬಿಟ್ಟು ತಾವೂ ಹಿಂದೆ ನಿಂತರು. "ಜೈ" ಎಂದು ಒಬ್ಬ ಕೂಗಿದರೆ "ತೆಲಂಗಾಣ" ಎಂದು ಎಲ್ಲರೂ ನೂಕುವುದು. ಎಲ್ಲರ ನಡುವೆ ಹೆಗಲು ಕೊಟ್ಟವನು ನಾನು. ಆಯಿ ಹೂವಿನ ಪರದೆ ಸರಿಸಿ ಕಿಟಕಿಯಿಂದ ನನ್ನನ್ನು ನೋಡಿದರು.

"ಮುಂಜಾನಿಂದ ನೋಡಾಕ ಹತ್ತೀನಿ, ಇವ್ರು ಯಾರವ್ವ, ಮುಂದ ಕುಂತಿದ್ರಲ್ಲ?"

"ನಮ್ಮ ಮನಿಯವ್ರೇ ರಿ," ಎಂದಳು ಒಳಗಿನಿಂದ ಶಾಂತಾಬಾಯಿ. "ಕರೆಂಟ್ ಆಫೀಸಿನಾಗ ಅದಾರ."

"ಹಂಗಾರ ನಮ್ಮೂರಾಗ ದಿನಾ ಕರೆಂಟ್ ಯಾಕ ಹೋಗ್ತದ ಅಂತ ಇವತ್ತ ತಿಳೀತು," ಎಂದರು ಆಯಿ.

ನಾನು ಟಪಾಲು ವಿಭಾಗದವನೆಂದು ಹೇಳಲು ಬಾಯಿ ತೆರೆದೆ. ಅದೇ ಕ್ಷಣಕ್ಕೆ ಗಾಡಿ ಚಾಲೂ ಆಗಿ ಮುಂದೆ ಹಾರಿತು, ನಾನು ರಸ್ತೆಗೆ ಬಿದ್ದೆ. ಚುರುಕಾದ ಬೀಗರು ಓಡಿ ಹತ್ತಿಕೊಂಡರು. ನಾನು ಎದ್ದು ಮೊಣಕಾಲು ಝಾಡಿಸುವಷ್ಟರಲ್ಲಿ ಗಾಡಿ ದೂರ ಹೋಗಿತ್ತು. "ಬರ್ರಿ ಸಾರ್, ಅನ್ನ ಇನ್ನೂ ಅದ," ಎಂದು ಹೋರಾಟದವರು ಕರೆದರು. ನಾನು ಅಲ್ಲೇ ನಿಂತೆ. ನನಗಾಗಿ ನಿಲ್ಲಿಸಬೇಕೆಂದು ಮಾಣಿಕಪ್ಪನಿಗೆ ಒಮ್ಮೆಯಾದರೂ ಅನಿಸಿದರೆ ನನಗೆ ಗೊತ್ತಾಗದೆ ಇರುವುದಿಲ್ಲ. ಅವನು ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ಗಾಡಿಯೆಲ್ಲ ನೀಲಿಯಾಗಿ ಬೆಳಗುತ್ತದೆ. ಆ ವ್ಯವಸ್ಥೆ ನಾನೇ ಮಾಡಿದ್ದು. ಊರಿನ ತಿರುವಿನ ತನಕ ಆ ನೀಲಿ ಬೆಳಕಿಗಾಗಿ ಕಣ್ಣು ಮುಚ್ಚದೆ ನೋಡಿದೆ. ಹತ್ತಲಿಲ್ಲ.